ಲಾಡ್ಜಿನ ಅಕ್ಕನ ನೀಲಿ ಪಾತ್ರೆ

ಇವತ್ತು ಶನಿವಾರ. ಬೆಳಿಗ್ಗೆ ಐದೂವರೆಗೆ ಎದ್ದು ಇವರ ಡಬ್ಬಿಗೆ ಚಿತ್ರಾನ್ನ ಕಲಸಿದೆ. ಈ ತಿಂಗಳು ಇವರಿಗೆ ಶನಿವಾರವೂ ಗೋದಾಮಿನಲ್ಲಿ ಕೆಲಸ. ಇವರು ಹೊರಟ ಮೇಲೆ ಕಾರು ತೆಗೆದುಕೊಂಡು ಮಗಳಿರುವ ಮಾರ್ಗನ್ ಹಿಲ್ಲಿಗೆ ಹೋದೆ. ಮಗಳಿಗೆ ಸಾರಿನ ಪುಡಿ, ಚಟ್ನಿಪುಡಿ ಕೊಟ್ಟು, ಅವಳು ಮಾಡಿದ ಕಾಫಿ ಕುಡಿದು ಹನ್ನೊಂದರ ಹೊತ್ತಿಗೆ ಹೇವರ್ಡಿನ ನಮ್ಮ ಮನೆಗೆ ವಾಪಸು ಬಂದೆ. ಎರಡು ಲೋಡು ಬಟ್ಟೆ ಒಗೆದೆ. ಬೆಡ್‌ಶೀಟನ್ನು ಒಬ್ಬಳೇ ಮಡಚಿದೆ, ಮೇಲಿನ ಅಂಚನ್ನು ಗಲ್ಲಕ್ಕೆ ಒತ್ತಿಕೊಂಡು, ಕೆಳಗಿನ ತುದಿ ನೆಲಕ್ಕೆ ತಾಗದ ಹಾಗೆ. ಒಲೆ ಉಜ್ಜಿದೆ. ಕರಿಬೇವಿನ ಕುಂಡಕ್ಕೆ ನೀರು ಹಾಕಿದೆ. ಆಮೇಲೆ ಅಡುಗೆಮನೆಯ ಕಪಾಟುಗಳಿಗೆ ಕೈ ಹಾಕಿದೆ. ಸೋಮವಾರ ಜಿರಲೆಗೆ ಔಷಧಿ ಹೊಡೆಯುವವರು ಬರುತ್ತಾರೆ, ಎಲ್ಲ ಖಾಲಿ ಮಾಡಿಡಿ ಎಂದು ಅಪಾರ್ಟ್‌ಮೆಂಟಿನ ಆಫೀಸಿನವರು ಬಾಗಿಲಿಗೆ ಚೀಟಿ ಅಂಟಿಸಿ ಹೋಗಿದ್ದರು.

ಎಲ್ಲಕ್ಕಿಂತ ಮೇಲಿನ ಕಪಾಟು ನನ್ನ ಕೈಗೆ ಎಟುಕುವುದಿಲ್ಲ. ಸ್ಟೂಲು ಹಾಕಿಕೊಂಡು ಹತ್ತಿ, ದೊಡ್ಡ ಕುಕ್ಕರು, ಮುರಿದ ಮಿಕ್ಸಿ, ಹಬ್ಬಕ್ಕೆ ಮಾತ್ರ ಇಳಿಯುವ ಚಕ್ಕುಲಿ ಒರಳು ಎಲ್ಲ ತೆಗೆದೆ. ಹಿಂದೆ, ಗೋಡೆಗೆ ಆತುಕೊಂಡು, ನೀಲಿ ಪಾತ್ರೆ ಕೂತಿತ್ತು. ಆಕಾಶಕ್ಕಿಂತ ಸ್ವಲ್ಪ ಗಾಢವಾದ ನೀಲಿ, ಮೈತುಂಬ ಬಿಳಿ ಚುಕ್ಕೆ, ಒಂದು ಹಿಡಿಯ ಹತ್ತಿರ ಎನಾಮಲ್ ಎದ್ದುಹೋಗಿ ಕಬ್ಬಿಣ ಕಾಣುವ ಜಾಗ. ಕೆಳಗಿಳಿಸಿ ಮುಚ್ಚಳ ತೆಗೆದೆ. ಒಳಗೆ ಮಡಚಿಟ್ಟ ಒಂದು ಕೈವಸ್ತ್ರ, ಅದರ ಮಡಿಕೆಯಲ್ಲಿ ಬಟ್ಟೆಗೆ ಹುಳ ಬೀಳದ ಹಾಗೆ ಇಡುವ ಬೆರಳುದ್ದದ ಸೀಡರ್ ಮರದ ಚಕ್ಕೆ. ಶಾಲೆಯಲ್ಲಿ ಪೆನ್ಸಿಲ್ ಕೆತ್ತುವಾಗ ಬರುತ್ತಿತ್ತಲ್ಲ, ಅದೇ ವಾಸನೆ. ಇಷ್ಟು ವರ್ಷವಾದರೂ ಹೋಗಿಲ್ಲ. ಪಾತ್ರೆಯನ್ನು ಮಡಿಲಲ್ಲಿಟ್ಟುಕೊಂಡು ಸ್ಟೂಲಿನ ಮೇಲೆಯೇ ಕೂತುಬಿಟ್ಟೆ.

ಈ ಪಾತ್ರೆ ನನ್ನದಲ್ಲ. ವಾಪಸು ಕೊಡಬೇಕಾಗಿತ್ತು. ಹದಿಮೂರು ವರ್ಷವಾಯಿತು.

ಅದು ಲಾಡ್ಜಿನ ಅಕ್ಕನದು. ಲಾಡ್ಜು ಅಂದ ತಕ್ಷಣ ಬಸ್‌ಸ್ಟ್ಯಾಂಡಿನ ಎದುರಿನ ಮೂರಂತಸ್ತಿನ ಕಟ್ಟಡ ನೆನಪಾದರೆ ತಪ್ಪಲ್ಲ, ಮೊದಲ ಸಲ ಕೇಳಿದಾಗ ನನಗೂ ಅದೇ ನೆನಪಾಗಿತ್ತು. ಇದು ಹಾಗಲ್ಲ. ಇಲ್ಲಿಂದ ಉತ್ತರಕ್ಕೆ ಆರು ಗಂಟೆಯ ದಾರಿ. ಬಯಲು, ಬಾದಾಮಿ ತೋಟಗಳೆಲ್ಲ ಮುಗಿದು, ಬೇಸಿಗೆಯಲ್ಲೂ ನೆತ್ತಿಯ ಮೇಲೆ ಹಿಮವಿರುವ ದೊಡ್ಡ ಬೆಟ್ಟ ಕಂಡ ಮೇಲೆ ಇನ್ನೂ ಮುಂದೆ, ಪೈನ್ ಕಾಡಿನ ನಡುವೆ ಒಂದು ಸರೋವರ. ಅದರ ದಡದಲ್ಲಿ ಹತ್ತು ಮರದ ಮನೆಗಳು, ಮಧ್ಯದಲ್ಲಿ ಒಂದು ಉದ್ದನೆಯ ಊಟದ ಹಾಲು, ಆರು ದೋಣಿಗಳು. ಜೂನ್ ಮೊದಲ ಶನಿವಾರ ತೆರೆದರೆ ಸೆಪ್ಟೆಂಬರಿಗೆ ಮುಚ್ಚುವುದು. ಮಿಕ್ಕ ತಿಂಗಳು ಹಿಮ.

ನಡೆಸುತ್ತಿದ್ದವರು ಅಕ್ಕ ಮತ್ತು ಅವರ ಗಂಡ, ಇಬ್ಬರೇ. ಉಡುಪಿ ಕಡೆಯವರು, ಮನೆಮಾತು ತುಳು. ಭಾವನವರು, ಅಂದರೆ ಅಕ್ಕನ ಗಂಡ, ಮೊದಲು ಇಲ್ಲೇ ಬೇ ಏರಿಯಾದ ಒಂದು ಹೋಟೆಲಿನಲ್ಲಿ ಅಡುಗೆ ನೋಡಿಕೊಳ್ಳುತ್ತಿದ್ದರಂತೆ. ಮೀನು ಹಿಡಿಯುವ ಹುಚ್ಚಿಗೆ ಆ ಸರೋವರಕ್ಕೆ ಹೋದವರು, ವಯಸ್ಸಾದ ದಂಪತಿಗಳು ಮಾರಲು ಕೂತಿದ್ದ ಲಾಡ್ಜನ್ನು ನೋಡಿ ಬಂದು, ಆರು ತಿಂಗಳಲ್ಲಿ ಅಲ್ಲಿಯೇ ಹೋಗಿ ನೆಲೆಸಿದರು. ಅಷ್ಟು ದೊಡ್ಡ ಸರೋವರವನ್ನು ಅಕ್ಕ ಕೆರೆ ಎನ್ನುತ್ತಿದ್ದರು. ಪಾತ್ರೆ ಪಡಗವೆಲ್ಲ ಲಾಡ್ಜಿನ ಜೊತೆಗೇ ಬಂದದ್ದು, ಈ ನೀಲಿ ಪಾತ್ರೆಯೂ.

ನಾನು ಅವರನ್ನು ಮೊದಲು ಕಂಡದ್ದು ಒಂದು ಯುಗಾದಿಯ ಊಟದಲ್ಲಿ, ಯಾರದೋ ಮನೆಯ ಹಿತ್ತಿಲಲ್ಲಿ. ನಾನಾಗ ಹೇವರ್ಡಿನ ಒಂದು ಶಾಲೆಯ ಅಡುಗೆಮನೆಯಲ್ಲಿ ಕೆಲಸಕ್ಕೆ ಸೇರಿ ಒಂದು ವರ್ಷವಾಗಿತ್ತು. ಮಗಳಿಗೆ ಏಳು ವರ್ಷ. ಎತ್ತರದ, ಕೈಬಳೆಯಿಲ್ಲದ, ಜರಿಸೀರೆಗೆ ಬೂಟು ಹಾಕಿಕೊಂಡಿದ್ದ ಹೆಂಗಸೊಬ್ಬರು ತಟ್ಟೆ ಹಿಡಿದು ನನ್ನ ಪಕ್ಕ ಬಂದು ಕೂತರು. ಹೆಸರು, ಊರು ಒಂದೂ ಕೇಳಲಿಲ್ಲ.

"ನಿಂಗೆ ಬೆಡ್‌ಶೀಟ್ ಮಡಚ್ಲಿಕ್ಕೆ ಬರ್ತದಾ?" ಎಂದರು.

"ಬರುತ್ತೆ. ಯಾಕೆ?"

"ಒಬ್ಬಳೇ ಮಡಚಿ ಮಡಚಿ ನನ್ನ ಗಲ್ಲ ಸವೆದುಹೋಯ್ತು ಮಾರಾಯ್ತಿ. ಶಾಲೆಗೆ ರಜೆ ಸಿಕ್ಕಿದ್ರೆ ನೀನು ಎಂತ ಮಾಡ್ತೀ?"

ಬಾ ಎಂದು ಅವರು ಹೇಳಲಿಲ್ಲ. ಬೇಕಾದದ್ದು ಅಕ್ಕನ ಬಾಯಲ್ಲಿ ಎಂದೂ ನೇರವಾಗಿ ಬರುತ್ತಿರಲಿಲ್ಲ ಎಂದು ಆಮೇಲೆ ಗೊತ್ತಾಯಿತು. ಟೀ ಬೇಕಾದರೆ "ಬಿಸಿನೀರು ಉಂಟಾ?" ಎನ್ನುವರು. ಭಾವನವರು ದೋಣಿಯ ಕೆಲಸ ಬಿಟ್ಟು ಊಟಕ್ಕೆ ಬರಬೇಕಾದರೆ ಅವರನ್ನು ಕರೆಯುತ್ತಿರಲಿಲ್ಲ, ಕಿಟಕಿಯಿಂದ ತಲೆ ಹೊರಗೆ ಹಾಕಿ "ಸಾರು ತಣಿಯಿತು" ಎಂದು ಕೆರೆಗೆ ಹೇಳಿದ ಹಾಗೆ ಹೇಳುವರು. ಭಾವನವರಿಗೆ ಅರ್ಥವಾಗುತ್ತಿತ್ತು. ನನಗೂ ಅರ್ಥವಾಗುತ್ತದೆ ಎಂದುಕೊಂಡಿದ್ದೆ.

ಮೇ ಕೊನೆಗೆ ಶಾಲೆ ಮುಚ್ಚಿದ್ದೇ ಮಗಳನ್ನು ಕರೆದುಕೊಂಡು ಹೋದೆ. ನಾನು ಆಗ ಕಾರು ಓಡಿಸುತ್ತಿದ್ದೆನಾದರೂ ಊರೊಳಗೆ ಮಾತ್ರ. ಫ್ರೀವೇ ಎನ್ನುವ ಹೆದ್ದಾರಿ ಹತ್ತಲು ಹೆದರುತ್ತಿದ್ದೆ. ಇವರು ಬಿಟ್ಟು ಬಂದರು. ಆಗಾಗ ಶನಿವಾರ ಬಂದು ಭಾನುವಾರ ಹೋಗುತ್ತಿದ್ದರು. ಹಾಗೆ ನಾಲ್ಕು ಬೇಸಿಗೆ ಕಳೆದೆವು.

ಕೆಲಸ ಬೆಳಿಗ್ಗೆ ಐದೂವರೆಗೆ ಶುರು. ಅಕ್ಕ ಆಗಲೇ ಒಲೆಯ ಮುಂದೆ ಇರುತ್ತಿದ್ದರು. ಬೋರ್ಡಿನಲ್ಲಿ ಪ್ಯಾನ್‌ಕೇಕ್ ಎಂದು ಬರೆದಿದ್ದರೂ ಅವರು ಹುಯ್ಯುತ್ತಿದ್ದದ್ದು ನೀರ್ದೋಸೆ. "ಇದು ನಮ್ಮ ಊರಿನ ತೆಳು ಪ್ಯಾನ್‌ಕೇಕ್" ಎಂದು ಗಂಭೀರವಾಗಿ ಹೇಳಿ ಬಡಿಸುವರು. ವರ್ಷ ವರ್ಷ ಬರುವ ಮೀನು ಹಿಡಿಯುವ ಗಂಡಸರು ಅದರ ಮೇಲೆ ಮೇಪಲ್ ಪಾಕ ಸುರಿದುಕೊಂಡು ಎಂಟೆಂಟು ತಿನ್ನುತ್ತಿದ್ದರು. ಒಬ್ಬ ಮುದುಕರಂತೂ ತಾವು ಹಿಡಿದ ಮೀನನ್ನು ಅದರಲ್ಲಿ ಸುತ್ತಿಕೊಂಡು ತಿನ್ನುವರು. ಅದನ್ನು ನೋಡಿ ನಾನು ಮುಖ ತಿರುಗಿಸಿದರೆ ಅಕ್ಕ, "ನೋಡು, ಮೈಸೂರಿನವಳಿಗೆ ನಾಚಿಕೆ ಆಯ್ತು" ಎಂದು ಭಾವನವರಿಗೆ ತೋರಿಸುವರು.

ತಿಂಡಿ ಮುಗಿದ ಮೇಲೆ ಮನೆಗಳು. ಹಾಸಿಗೆ ಬಿಚ್ಚುವುದು, ಗುಡಿಸುವುದು, ಕಿಟಕಿಯ ಸೊಳ್ಳೆಪರದೆಯಲ್ಲಿ ಸತ್ತ ಹುಳ ಬ್ರಶ್ಶಿನಿಂದ ತೆಗೆಯುವುದು. ಬೆಡ್‌ಶೀಟುಗಳನ್ನು ಒಗೆದು ಎರಡು ಮರಗಳ ನಡುವಿನ ಹಗ್ಗಕ್ಕೆ ಹಾಕುತ್ತಿದ್ದೆವು. ಒಣಗುವಷ್ಟರಲ್ಲಿ ಪೈನಿನ ಸೂಜಿಎಲೆಗಳು ಅಂಟಿಕೊಂಡಿರುತ್ತಿದ್ದವು. ಒಂದೊಂದನ್ನೂ ಕೈಯಿಂದ ಬಿಡಿಸಬೇಕು. ಅಕ್ಕನ ಪ್ರಕಾರ ಮಲಗಿದವರ ಬೆನ್ನಿಗೆ ಒಂದು ಸೂಜಿಎಲೆ ಚುಚ್ಚಿದರೂ ಅವರು ಮುಂದಿನ ವರ್ಷ ಬರುವುದಿಲ್ಲ. ಆಮೇಲೆ ಮಡಚುವುದು. ಅವರೊಂದು ತುದಿ, ನಾನೊಂದು ತುದಿ. ಎಳೆದು ಬಿಗಿ ಮಾಡಿ, ಒಂದು ಸಲ ಝಾಡಿಸಿ, ಒಬ್ಬರ ಕಡೆಗೊಬ್ಬರು ನಡೆದು ಬರುವುದು. ನನ್ನ ಕೈಯ ಅಂಚನ್ನು ಅವರ ಕೈಗೆ ಕೊಟ್ಟು, ಬಗ್ಗಿ ಮಡಿಕೆ ಎತ್ತಿಕೊಂಡು ಮತ್ತೆ ಹಿಂದಕ್ಕೆ ಹೋಗುವುದು. ದಿನಕ್ಕೆ ಇಪ್ಪತ್ತು, ಮೂವತ್ತು ಸಲ. ನಾಲ್ಕು ಬೇಸಿಗೆಯಲ್ಲಿ ನಾವಿಬ್ಬರೂ ಹೆಚ್ಚು ಮಾತಾಡಿದ್ದು ಹಾಗೆ ನಡೆದು ಬರುವಾಗಲೇ. ನಾಲ್ಕು ಹೆಜ್ಜೆಯಷ್ಟು ಮಾತು. ಮಿಕ್ಕದ್ದು ಮುಂದಿನ ಶೀಟಿಗೆ...

ನನಗೆ ದಿನಚರಿ ಬರೆಯುವ ಅಭ್ಯಾಸ. ದೊಡ್ಡ ವಿಷಯವೇನೂ ಇರುವುದಿಲ್ಲ. ಏನೇನು ಮಾಡಿದೆ, ಏನು ತಿಂದೆವು, ಯಾರು ಮೊದಲು ಮಲಗಿದರು, ಅಷ್ಟೇ. ಊಟದ ಹಾಲಿನ ಮೇಜಿನ ಮೇಲೆ ಕೂತು ಬರೆಯುತ್ತಿದ್ದಾಗ ಅಕ್ಕ ಒಂದು ದಿನ ಹಿಂದಿನಿಂದ ಬಗ್ಗಿ ಓದಿದರು.

"ಯಾರು ಮೊದಲು ಮಲಗಿದ್ದು ಅಂತ ಬರೆದು ಎಂತ ಪ್ರಯೋಜನ?"

"ನಮ್ಮಮ್ಮ ಹೇಳ್ತಿದ್ರು ಅಕ್ಕ. ಮನೇಲಿ ಯಾರು ಮೊದಲು ಮಲಗ್ತಾರೋ ಅವರಿಗೆ ಜಾಸ್ತಿ ಸುಸ್ತಾಗಿರುತ್ತೆ. ಮಾರನೇ ದಿನ ಅವರಿಗೆ ಭಾರದ ಕೆಲಸ ಹೇಳಬಾರದು ಅಂತ."

"ಹಾಗಾದ್ರೆ ನಿನ್ನ ಪುಸ್ತಕದಲ್ಲಿ ನನ್ನ ಹೆಸರು ಬರುವುದಿಲ್ಲ ಬಿಡು."

ಬರುತ್ತಲೂ ಇರಲಿಲ್ಲ. ಮಗಳು ಮೊದಲು ಮಲಗಿದಳು, ನಾನು ಮೊದಲು ಮಲಗಿದೆ, ಭಾವ ಕುರ್ಚಿಯಲ್ಲೇ ಮಲಗಿದರು. ಇಂಥವೇ ಇರುತ್ತಿದ್ದವು. ಅಕ್ಕ ಯಾವಾಗ ಮಲಗುತ್ತಾರೆ ಎಂದು ನೋಡುವಷ್ಟು ಹೊತ್ತು ನಾನು ಎದ್ದಿರುತ್ತಿರಲಿಲ್ಲ.

ನೀಲಿ ಪಾತ್ರೆಗೆ ಅಲ್ಲಿ ಒಂದು ದಿನ ಮೀಸಲಾಗಿತ್ತು. ಜೂನ್ ಮೊದಲ ಶನಿವಾರ, ಅತಿಥಿಗಳ ಮೊದಲ ಕಾರು ಬರುವ ಮುಂಚೆ, ಅಕ್ಕ ಅದರಲ್ಲಿ ಹೆಸರುಬೇಳೆ ಪಾಯಸ ಮಾಡುತ್ತಿದ್ದರು, ತೆಂಗಿನ ಹಾಲು ಹಾಕಿ. ಬೇರೆ ದೊಡ್ಡ ಪಾತ್ರೆಗಳು ಬೇಕಾದಷ್ಟಿದ್ದರೂ ಅದಕ್ಕೆ ಇದೇ ಆಗಬೇಕು. ಮೊದಲ ಸೌಟು ಒಯ್ದು ಕೆರೆಗೆ ಬಿಡುವರು. "ಇದಕ್ಕೆ ಸಿಹಿ ಕೊಟ್ರೆ ನಮ್ಮನ್ನು ಸೆಪ್ಟೆಂಬರಿನವರೆಗೆ ನೋಡಿಕೊಳ್ತದೆ" ಎನ್ನುವರು. ಮಿಕ್ಕದ್ದನ್ನು ನಾವು ನಾಲ್ವರು ಮೆಟ್ಟಿಲ ಮೇಲೆ ಕೂತು ಲೋಟದಲ್ಲಿ ಕುಡಿಯುತ್ತಿದ್ದೆವು.

ನಾಲ್ಕನೆಯ ಬೇಸಿಗೆಯ ಕೊನೆಯಲ್ಲಿ, ಆಗಸ್ಟಿನ ಮೂರನೇ ವಾರ, ಇವರು ನಮ್ಮನ್ನು ಕರೆದೊಯ್ಯಲು ಬಂದರು. ಶಾಲೆ ತೆರೆಯುವುದಿತ್ತು. ಹೊರಡುವ ಬೆಳಿಗ್ಗೆ ಅಕ್ಕ ದಾರಿಗೆಂದು ಪುಂಡಿ ಮಾಡಿದ್ದರು. ಅಕ್ಕಿತರಿಯ ಉಂಡೆಗಳನ್ನು ಹಬೆಯಲ್ಲಿ ಬೇಯಿಸಿದ ಅವರ ಕಡೆಯ ತಿಂಡಿ. ಜೊತೆಗೆ ದಡದಲ್ಲಿ ಬೆಳೆದ ಬ್ಲ್ಯಾಕ್‌ಬೆರಿ ಹಣ್ಣಿನ ಗೊಜ್ಜು. ಪ್ರತಿ ವರ್ಷ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ ಕೊಡುತ್ತಿದ್ದವರು ಆ ಸಲ ನೀಲಿ ಪಾತ್ರೆಗೆ ತುಂಬಿ, ಕೈವಸ್ತ್ರ ಕಟ್ಟಿ, ನನ್ನ ಮಡಿಲಿಗೆ ಕಾರಿನ ಕಿಟಕಿಯಿಂದ ಕೊಟ್ಟರು.

"ಅಕ್ಕಾ, ಇದು ಪಾಯಸದ ಪಾತ್ರೆ" ಎಂದೆ.

"ಹೌದು. ಜೂನಿಗೆ ಬೇಕು ನಂಗೆ" ಎಂದರು.

ನಮ್ಮಲ್ಲಿ ಯಾರ ಮನೆಯ ಪಾತ್ರೆಯನ್ನೂ ಖಾಲಿ ವಾಪಸು ಕೊಡುವುದಿಲ್ಲ. ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯನ್ನಾದರೂ ಹಾಕಿ ಕೊಡಬೇಕು. ನನ್ನ ಅಮ್ಮನಿಗೆ ಇದು ಎಷ್ಟು ಗಟ್ಟಿಯೆಂದರೆ, ಪಕ್ಕದ ಮನೆಯವರ ಮಜ್ಜಿಗೆ ಲೋಟ ಹಿಂತಿರುಗಿಸಲು ಎರಡು ದಿನ ಕಾದು, ಅವರೆಕಾಯಿ ಬಂದ ಮೇಲೆ ಅದರ ತುಂಬ ಕಾಳು ಹಾಕಿ ಕಳಿಸಿದ್ದರು. ನಾನೂ ಅಮ್ಮನ ಮಗಳೇ. ಸರಿ, ಈ ಪಾತ್ರೆಯ ತುಂಬ ಕೋಡುಬಳೆ ಮಾಡಿಕೊಂಡು ಜೂನಿನಲ್ಲಿ ಹೋಗುವುದು ಎಂದು ಆ ದಿನ ಕಾರಿನಲ್ಲೇ ನಿಶ್ಚಯಿಸಿದೆ. ನಮ್ಮ ಕಡೆಯ ಖಾರದ ಕೋಡುಬಳೆಯೆಂದರೆ ಅಕ್ಕನಿಗೆ ಪ್ರಾಣ. ಬೆರಳಿಗೆ ಉಂಗುರದಂತೆ ಹಾಕಿಕೊಂಡು ಒಂದೊಂದೇ ಕಚ್ಚುವರು.

ಆ ಚಳಿಗಾಲ ಎರಡು ಮೂರು ಸಲ ಫೋನಿನಲ್ಲಿ ಮಾತಾಡಿದೆವು. ಲಾಡ್ಜಿನಲ್ಲಿ ಮೊಬೈಲು ಹಿಡಿಯುತ್ತಿರಲಿಲ್ಲ. ಆಫೀಸಿನ ಗೋಡೆಗಿದ್ದ ಒಂದು ಫೋನಷ್ಟೇ. ಹಿಮದ ಸುದ್ದಿ, ಪೈಪು ಒಡೆದ ಸುದ್ದಿ. ಮೇ ತಿಂಗಳಲ್ಲಿ ನನ್ನ ಶಾಲೆಯಲ್ಲಿ ಬೇಸಿಗೆಯಲ್ಲೂ ಮಕ್ಕಳಿಗೆ ಮಧ್ಯಾಹ್ನದ ಊಟ ಕೊಡುವ ಏರ್ಪಾಟಾಯಿತು. ಅಡುಗೆಮನೆಯನ್ನು ನೀನು ನೋಡಿಕೋ ಎಂದು ನನ್ನನ್ನು ಕೇಳಿದರು. ಅಲ್ಲಿಯವರೆಗೆ ಟ್ರೇ ತೊಳೆಯುತ್ತಿದ್ದವಳು ನಾನು. ಕೀಲಿಕೈ ನನ್ನ ಕೈಗೆ ಬಂತು. ಸಂತೋಷವಾಗಿತ್ತು, ಸುಳ್ಳು ಹೇಳುವುದಿಲ್ಲ.

ಅಕ್ಕನಿಗೆ ಹೇಗೆ ಹೇಳುವುದು ಎಂದು ಯೋಚಿಸುತ್ತಿದ್ದಾಗ ಅವರೇ ಫೋನು ಮಾಡಿದರು. ನಾನು ಮೊದಲು ಕೆಲಸದ ವಿಷಯ ಹೇಳಿಬಿಟ್ಟೆ, ಒಂದೇ ಉಸಿರಿಗೆ.

"ಒಳ್ಳೇದಾಯ್ತು ಮಾರಾಯ್ತಿ" ಎಂದರು. ಆಮೇಲೆ, "ಪಾತ್ರೆ ಉಂಟಾ ನಿನ್ನ ಹತ್ರ?"

"ಇದೆ ಅಕ್ಕ. ಜೂನಿಗೆ ಬೇಕು ಅಂದಿದ್ರಲ್ಲ. ಪೋಸ್ಟಲ್ಲಿ ಕಳಿಸ್ಲಾ?"

"ಪೋಸ್ಟಲ್ಲಿ ಬೇಡ. ಖಾಲಿ ಪಾತ್ರೆ ಪೋಸ್ಟಲ್ಲಿ ಬಂದ್ರೆ ಎಂತ ಚಂದ?"

"ಹಾಗಾದ್ರೆ ಬಂದಾಗ ತರ್ತೀನಿ."

"ಹೂಂ. ಬಂದಾಗ."

ಅವಸರವಿಲ್ಲ ಎಂದುಕೊಂಡೆ. ಪೋಸ್ಟಿನಲ್ಲಿ ಬೇಡ ಎಂದರಲ್ಲ, ಅಂದರೆ ಬೇರೆ ಪಾತ್ರೆಯಲ್ಲಿ ಪಾಯಸ ಮಾಡಿಕೊಳ್ಳುತ್ತಾರೆ ಎಂದುಕೊಂಡೆ. ಆ ದಿನ ಬರೆದದ್ದು ಹೀಗಿದೆ: ಅಕ್ಕ ಫೋನು ಮಾಡಿದ್ದರು. ಪಾತ್ರೆ ಕೇಳಿದರು. ರಾತ್ರಿ ಬಿಸಿಬೇಳೆಬಾತು.

ಜುಲೈನಲ್ಲಿ ಒಂದು ವಾರಾಂತ್ಯ ಹೋಗಿಬರೋಣ ಎಂದು ಇವರು ಒಪ್ಪಿದರು. ಶುಕ್ರವಾರ ಶಾಲೆಯಿಂದ ಬಂದವಳೇ ಕೋಡುಬಳೆಗೆ ಕೂತೆ. ಪಾತ್ರೆಯ ತಳಕ್ಕೆ ಕಾಗದ ಹಾಸಿ, ಉಂಗುರದ ಮೇಲೆ ಉಂಗುರ ಜೋಡಿಸಿ, ಬಾಯಿಮಟ್ಟ ತುಂಬಿಸಿದೆ. ಆಗ ಇವರ ಗೋದಾಮಿನಿಂದ ಫೋನು ಬಂತು. ಯಾರೋ ರಜೆ ಹಾಕಿದ್ದಾರೆ, ಶನಿವಾರ, ಭಾನುವಾರ ಎರಡೂ ದಿನ ಬರಲೇಬೇಕು ಎಂದು.

"ನೀನೇ ಓಡಿಸ್ಕೊಂಡು ಹೋಗೇ" ಎಂದರು ಇವರು. "ನೇರ ರೋಡು. ತಿರುಗೋದೇ ಇಲ್ಲ."

"ಆರು ಗಂಟೆ ನೇರ ರೋಡಲ್ಲಿ ನನ್ನ ಪಕ್ಕ ಲಾರಿಗಳು ಬರ್ತಾವಲ್ಲ."

"ಲಾರಿಯವರು ನಿನ್ನ ನೋಡಿ ಅವರೇ ಪಕ್ಕಕ್ಕೆ ಹೋಗ್ತಾರೆ."

ನಗೆಯಾಡಿದೆವು. ನಾನು ಹೋಗಲಿಲ್ಲ. ಶನಿವಾರ ಬೆಳಿಗ್ಗೆ ಲಾಡ್ಜಿಗೆ ಫೋನು ಮಾಡಿದರೆ ಭಾವನವರು ಎತ್ತಿಕೊಂಡರು. "ಅವಳು ಮಲಗಿದ್ದಾಳೆ, ಏಳಿಸ್ಲಾ?" ಎಂದರು. ಗೋಡೆಯ ಗಡಿಯಾರ ನೋಡಿದೆ, ಹತ್ತು ಗಂಟೆ. ಬೇಸಿಗೆಯ ಶನಿವಾರ, ಹತ್ತು ಗಂಟೆಗೆ, ಹತ್ತು ಮನೆಗಳ ಹಾಸಿಗೆ ಬದಲಿಸುವ ದಿನ... ನನಗೆ ಏನೂ ಹೊಳೆಯಲಿಲ್ಲ. ಬೇಡ ಭಾವ, ಮಲಗಿರಲಿ ಎಂದು ಇಟ್ಟುಬಿಟ್ಟೆ. ಪಾತ್ರೆಯಲ್ಲಿದ್ದ ಕೋಡುಬಳೆಯನ್ನು ಆ ವಾರವೆಲ್ಲ ನಾವೇ ತಿಂದೆವು.

ಅಕ್ಟೋಬರಿನಲ್ಲಿ ಭಾವನವರ ಫೋನು ಬಂತು. "ಅವಳು ಹೋದ್ಲು" ಎಂದರು, ಅಷ್ಟೇ. ಕಾಯಿಲೆ ಹಿಂದಿನ ಚಳಿಗಾಲದಲ್ಲೇ ಗೊತ್ತಾಗಿತ್ತಂತೆ. ಆ ಬೇಸಿಗೆ ನಾಲ್ಕೇ ಮನೆ ತೆರೆದಿದ್ದರಂತೆ. ನಾನು ಫೋನು ಹಿಡಿದುಕೊಂಡೇ ಅಡುಗೆಮನೆಯ ನೆಲದ ಮೇಲೆ ಕೂತೆ. ಮಗಳು ಬಂದು, "ಅಮ್ಮಾ, ವಾಟ್ ಹ್ಯಾಪನ್ಡ್? ದೊಡ್ಡಮ್ಮನಾ?" ಎಂದಳು. ಹೂಂ ಎಂದೆ.

ಮಾರನೆಯ ದಿನ ಹಿಂದಿನ ವರ್ಷದ ದಿನಚರಿ ತೆಗೆದು ನೋಡಿದೆ. ಯಾಕೆ ತೆಗೆದೆನೋ. ನಾಲ್ಕನೆಯ ಬೇಸಿಗೆಯ ಕೊನೆಯ ವಾರ. ಹದಿನಾರು ಶೀಟು ಮಡಚಿದೆವು, ಊಟಕ್ಕೆ ಕುಂಬಳಕಾಯಿ ಪಲ್ಯ, ಅಕ್ಕ ಮೊದಲು ಮಲಗಿದರು. ಮಾರನೆಯ ದಿನ: ಎರಡನೇ ಮನೆಯ ಕಿಟಕಿ ತೊಳೆದೆ, ಊಟಕ್ಕೆ ಗಂಜಿ, ಉಪ್ಪಿನಕಾಯಿ, ಅಕ್ಕ ಮೊದಲು ಮಲಗಿದರು. ಅದರ ಮಾರನೆಯ ದಿನವೂ ಅದೇ. ಮೂರು ದಿನ, ಸಾಲಾಗಿ, ನನ್ನದೇ ಅಕ್ಷರದಲ್ಲಿ. ಬರೆದವಳು ನಾನೇ, ಓದಿಕೊಳ್ಳಲಿಲ್ಲ. ಮೂರನೆಯ ದಿನದ ಮಾರನೆಯ ಬೆಳಿಗ್ಗೆ ನೀರು ತುಂಬಿದ ದೊಡ್ಡ ಹಂಡೆಯನ್ನು ನಾವಿಬ್ಬರೂ ಒಂದೊಂದು ಕಡೆ ಹಿಡಿದು ಎತ್ತಿದ್ದೆವು ಎಂದೂ ಬರೆದಿದ್ದೆ.

ಜನವರಿಯಲ್ಲಿ ಭಾವನವರು ಲಾಡ್ಜು ಮಾರಿ, ಉಡುಪಿಯಲ್ಲಿದ್ದ ತಮ್ಮನ ಮನೆಗೆ ಹೊರಟರು. ವಿಮಾನ ಸಂಜೆಗಿತ್ತು. ಮಧ್ಯಾಹ್ನ ನಮ್ಮ ಮನೆಗೆ ಊಟಕ್ಕೆ ಬಂದರು. ಎರಡು ಸೂಟ್‌ಕೇಸು, ಒಂದು ಮೀನಿನ ಗಾಳದ ಕೋಲು. ನಾನು ಬೆಳಿಗ್ಗೆಯೇ ಕೋಡುಬಳೆ ಕರಿದು ನೀಲಿ ಪಾತ್ರೆಗೆ ತುಂಬಿಸಿಟ್ಟಿದ್ದೆ. ಊಟವಾದ ಮೇಲೆ ಅದನ್ನು ತಂದು ಅವರ ಮುಂದಿಟ್ಟೆ.

"ಭಾವ, ಅಕ್ಕನ ಪಾತ್ರೆ. ಹೋದ ಜೂನಿಗೆ ಬೇಕು ಅಂದಿದ್ರು. ನನ್ನಿಂದ ತಂದುಕೊಡೋಕೆ ಆಗ್ಲಿಲ್ಲ."

ಅವರು ಮುಚ್ಚಳ ತೆಗೆದು ನೋಡಿದರು. ಒಂದು ಕೋಡುಬಳೆ ತೆಗೆದು, ತಿನ್ನದೆ, ಕೈಯಲ್ಲೇ ಹಿಡಿದುಕೊಂಡರು.

"ಹೋದ ಜೂನಿಗೆ ಪಾಯಸವೇ ಮಾಡ್ಲಿಲ್ಲ ಅವಳು. ಬೇಳೆ ಹುರೀಲಿಕ್ಕೆ ನಿಲ್ಲಲಿಕ್ಕೇ ಆಗ್ತಿರ್ಲಿಲ್ಲ."

"ನನಗೆ ಒಂದು ಮಾತು ಹೇಳಬಹುದಿತ್ತು ನೀವು."

"ನಾನು ಹೇಳ್ತೇನೆ ಅಂದೆ. ಬೇಡ ಅಂದ್ಲು. 'ಅವಳಿಗೆ ಈಗ ಅಲ್ಲಿ ಕೆಲಸ ಸಿಕ್ಕಿದೆ, ಕೇಳಿದ್ರೆ ಬಿಟ್ಟು ಓಡಿ ಬರ್ತಾಳೆ. ನಾನು ಪಾತ್ರೆ ಕೇಳಿದ್ದೇನೆ. ಬರ್ಲಿಕ್ಕೆ ಆಗುವುದಾದ್ರೆ ತೆಕ್ಕೊಂಡು ಬರ್ತಾಳೆ' ಅಂದ್ಲು."

ಇವರು ಎದ್ದು ಹೋಗಿ ಸುಮ್ಮನೆ ನಲ್ಲಿ ತಿರುಗಿಸಿ ನೀರು ಕುಡಿದರು. ನಾನು ಏನು ಹೇಳಿದೆನೋ ನೆನಪಿಲ್ಲ. ಬರೆದಿಟ್ಟೂ ಇಲ್ಲ.

ಅಕ್ಕನಿಗೆ ನನ್ನ ಪದ್ಧತಿ ಗೊತ್ತಿತ್ತು. ನಾನು ಪಾತ್ರೆಯನ್ನು ಖಾಲಿ ಕಳಿಸುವವಳಲ್ಲ, ತುಂಬಿಕೊಂಡು ನಾನೇ ಬರುವವಳು ಎಂದು ಗೊತ್ತಿದ್ದೇ ಕೇಳಿದ್ದರು. ಅವರಿಗೆ ಬೇಕಾಗಿದ್ದದ್ದು ಶೀಟಿನ ಇನ್ನೊಂದು ತುದಿ ಹಿಡಿಯುವವರು. ನಾನು ಪೋಸ್ಟಲ್ಲಿ ಕಳಿಸ್ಲಾ ಎಂದು ಕೇಳಿದ್ದೆ.

ಹೊರಡುವಾಗ ಭಾವನವರು, "ಇದನ್ನು ವಿಮಾನದಲ್ಲಿ ಎಲ್ಲಿ ಹೊತ್ತುಕೊಂಡು ಹೋಗ್ಲಿ? ಕೋಡುಬಳೆ ಮಾತ್ರ ಕೊಡಿ" ಎಂದರು. ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕೊಟ್ಟೆ. ಪಾತ್ರೆ ಮತ್ತೆ ಖಾಲಿಯಾಯಿತು, ನನ್ನ ಹತ್ತಿರವೇ ಉಳಿಯಿತು. ಅವರು ಎರಡು ವರ್ಷ ಯುಗಾದಿಗೆ ಫೋನು ಮಾಡಿದರು. ಮೂರನೆಯ ವರ್ಷ ನಾನು ಮಾಡಿದರೆ ಅವರ ತಮ್ಮ ಎತ್ತಿಕೊಂಡು, ಅಣ್ಣ ಈಗ ಇಲ್ಲ, ತೀರಿಕೊಂಡರು ಎಂದರು. ಆ ಲಾಡ್ಜನ್ನು ಕೊಂಡವರು ಯಾರೋ ತಿಳಿಯದು. ಮನೆಗಳಿಗೆ ಬೇರೆ ಬಣ್ಣ ಹೊಡೆದಿದ್ದಾರೆಂದು ಒಂದು ಸಲ ಮಗಳು ಕಂಪ್ಯೂಟರಿನಲ್ಲಿ ತೋರಿಸಿದಳು. ಶೀಟು ಒಣಹಾಕುತ್ತಿದ್ದ ಮರಗಳು ಚಿತ್ರದಲ್ಲಿ ಕಾಣಲಿಲ್ಲ.

ಭಾವನವರು ಊರಿಗೆ ಹೋದ ವರ್ಷವೇ ನಾನು ಫ್ರೀವೇ ಹತ್ತುವುದನ್ನು ಕಲಿತೆ. ಮೊದಲು ಒಂದು ಎಕ್ಸಿಟ್ಟಿನಿಂದ ಇನ್ನೊಂದು ಎಕ್ಸಿಟ್ಟಿಗೆ, ಭಾನುವಾರ ಬೆಳಿಗ್ಗೆ. ಆಮೇಲೆ ಸ್ಯಾನ್ ರಮೋನಿನವರೆಗೆ. ಈಗ ಎಲ್ಲಿಗೆ ಬೇಕಾದರೂ ಹೋಗುತ್ತೇನೆ. ಲಾರಿಗಳು ಪಕ್ಕದಲ್ಲಿ ಬರುತ್ತವೆ, ಹೋಗುತ್ತವೆ. ಉತ್ತರದ ಆ ದಾರಿಗೆ ಮಾತ್ರ ಇವತ್ತಿನವರೆಗೂ ಹೋಗಿಲ್ಲ. ಹೋದರೆ ಯಾರ ಬಾಗಿಲಲ್ಲಿ ಇಳಿಯುವುದು...

ಸ್ಟೂಲಿನ ಮೇಲೆ ಎಷ್ಟು ಹೊತ್ತು ಕೂತಿದ್ದೆನೋ. ಮಗಳು ಫೋನು ಮಾಡಿದಳು, ತನ್ನ ಮನೆಯಲ್ಲಿ ನಾನು ಕನ್ನಡಕ ಬಿಟ್ಟು ಬಂದಿದ್ದೇನೆಂದು. ಪಾತ್ರೆಯ ವಿಷಯ ಹೇಳಿದೆ.

"ದೊಡ್ಡಮ್ಮನ ಬ್ಲೂ ಪಾಟಾ? ಅಮ್ಮಾ, ಡೋಂಟ್ ಥ್ರೋ ಇಟ್, ಓಕೆ?" ಎಂದಳು. "ಥಿನ್ ಪ್ಯಾನ್‌ಕೇಕ್ಸ್ ನೆನಪಿದೆ ನಂಗೆ."

"ಎಸೆಯಲ್ಲ" ಎಂದೆ. ಮಾತಾಡುತ್ತಲೇ ಗೋಡೆಯ ಕ್ಯಾಲೆಂಡರಿನ ಕಡೆ ಕಣ್ಣು ಹೋಯಿತು. ಜೂನಿನ ಮೊದಲ ಶನಿವಾರ.

ಇವರು ನಾಲ್ಕಕ್ಕೆ ಬಂದಾಗ ನಾನು ಹೆಸರುಬೇಳೆ ಹುರಿಯುತ್ತಿದ್ದೆ. ನೆಲದ ತುಂಬ ಕಪಾಟಿನ ಸಾಮಾನು. ಇವರು ಕುಕ್ಕರನ್ನು ದಾಟಿ, ಮಿಕ್ಸಿಯನ್ನು ದಾಟಿ ಬಂದು ಒಲೆಯ ಮೇಲಿದ್ದ ನೀಲಿ ಪಾತ್ರೆಯನ್ನು ನೋಡಿದರು. ಕೈ ತೊಳೆದುಕೊಂಡು ಬೆಲ್ಲ ಕುಟ್ಟಿಕೊಟ್ಟರು. ತೆಂಗಿನ ಹಾಲು ಡಬ್ಬಿಯದು, ಅಕ್ಕನದೂ ಡಬ್ಬಿಯದೇ ಆಗಿತ್ತು. ಕುದಿ ಬಂದಾಗ ಏಲಕ್ಕಿ ಹಾಕಿ ಇಳಿಸಿದೆ. ಮೊದಲ ಸೌಟನ್ನು ಏನು ಮಾಡುವುದೆಂದು ತಿಳಿಯಲಿಲ್ಲ. ಇಲ್ಲಿ ಕೆರೆಯಿಲ್ಲ. ಕರಿಬೇವಿನ ಕುಂಡದ ಬುಡಕ್ಕೆ ಹಾಕಿದೆ.

ಊಟವಾದ ಮೇಲೆ ಪಾತ್ರೆ ತೊಳೆದು, ಒರೆಸಿ, ತಳಕ್ಕೆ ಒಂದು ಚಿಟಿಕೆ ಸಕ್ಕರೆ ಹಾಕಿದೆ. ಇವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ಸೋಮವಾರ ಜಿರಲೆಗೆ ಔಷಧಿ ಹೊಡೆಯೋಕೆ ಬರ್ತಾರೆ. ನೀನು ಅವಕ್ಕೆ ಸಕ್ಕರೆ ಇಡ್ತಿದ್ದೀಯ."

"ಮುಚ್ಚಳ ಬಿಗಿಯಾಗಿದೆ" ಎಂದೆ.

"ಬೆಡ್‌ಶೀಟ್ ಹಾಕ್ಬೇಕಾ? ಒಂದು ತುದಿ ಹಿಡೀತೀನಿ ಬಾ" ಎಂದರು.

ಇಬ್ಬರೂ ಹಾಸಿದೆವು. ಕೊಡಬೇಕಾದವರು ಇಲ್ಲದ ಪಾತ್ರೆಯನ್ನು ಮೇಲಿನ ಕಪಾಟಿಗೆ ಏರಿಸಲಿಲ್ಲ, ಒಲೆಯ ಪಕ್ಕದಲ್ಲೇ ಇಟ್ಟಿದ್ದೇನೆ.

ರಾತ್ರಿ ಊಟಕ್ಕೆ ಅನ್ನ, ತಿಳಿಸಾರು, ಹೆಸರುಬೇಳೆ ಪಾಯಸ. ಎಂಟೂವರೆಗೆ, ಹೊರಗೆ ಇನ್ನೂ ಬೆಳಕಿರುವಾಗಲೇ, ಇವರು ಮೊದಲು ಮಲಗಿದರು. ನಾಳೆ ಸಾಮಾನುಗಳನ್ನು ನಾನೇ ಎತ್ತಿಡುತ್ತೇನೆ.